ಹದಿನೇಳನೆಯ ಮೇಜಿನ ಅಭ್ಯರ್ಥಿ

ಏಪ್ರಿಲ್ 9, ಬೆಳಗ್ಗೆ 10.20. ಕಾವ್‌ಶುಂಗ್ ಬಂದರಿನ ಠಾಣೆಗೆ ಏಸಿ ತಂತ್ರಜ್ಞರ ಪರೀಕ್ಷಾ ಕೇಂದ್ರದ ಗುಮಾಸ್ತೆ ಕು ಶಿಯೋ-ಲಾನ್ ದೂರು ಹಿಡಿದು ಬಂದಳು. ಪ್ರಮಾಣಪತ್ರ ಒಯ್ಯಲು ಬಂದಿದ್ದ ಜುವಾಂಗ್ ಎಂಬ ಐವತ್ತೆಂಟರ ಅಭ್ಯರ್ಥಿಗೆ ಅವಳು ಅನಾನಸ್ ಕೇಕಿನ ಡಬ್ಬಿ ಕೊಡಹೋಗಿದ್ದಳು; ಈಗ ಅವನನ್ನೂ ಜೊತೆಗೆ ಕರೆತಂದಿದ್ದಳು.

“ಪರೀಕ್ಷೆ ದಿನ ಹದಿನೇಳನೇ ಮೇಜಲ್ಲಿ ಕೂತು ಅರ್ಧ ಗಂಟೆ ಮುಂಚೆ ಮುಗಿಸಿ, ನಮ್ಮ ಹಾಲ್‌ನಲ್ಲಿ ಎರಡು ವರ್ಷದಿಂದ ಸೋರ್ತಿದ್ದ ಏಸೀನೂ ರಿಪೇರಿ ಮಾಡಿ ಹೋಗಿದ್ರು ಸಾರ್. ಥ್ಯಾಂಕ್ಸ್ ಅಂದ್ರೆ ಈ ಮನುಷ್ಯ ‘ಯಾವ ಏಸಿ?’ ಅಂತಾರೆ!”

ಇನ್‌ಸ್ಪೆಕ್ಟರ್ ಫಾಂಗ್ ನಗು ನುಂಗಿಕೊಂಡು, ಜುವಾಂಗ್ ಹೆಸರಲ್ಲಿ ಬೇರೊಬ್ಬ ಪರೀಕ್ಷೆಗೆ ಕೂತಿದ್ದಾನೆಂದು ಎಫ್‌ಐಆರ್ ದಾಖಲಿಸಿದ. ಕದಿಯಲು ಬಂದು ಮನೆ ಗುಡಿಸಿಕೊಟ್ಟು ಹೋಗುವ ಕಳ್ಳನನ್ನು ಅವನು ಕಂಡಿರಲಿಲ್ಲ.

ಜುವಾಂಗ್ ಒಂದೇ ಮಾತು ಆಡಿದ: “ಆ ಕಾಗದ ಇಲ್ದಿದ್ರೆ ಶಾಲೆ ಏಸಿ ನೋಡ್ಕೊಳ್ಳೋ ಕೆಲ್ಸ ಈ ತಿಂಗಳಿಗೆ ಹೋಗುತ್ತೆ ಸಾರ್.” ಪರೀಕ್ಷೆಗೆ ಕೂತವನ ಹೆಸರು ಮಾತ್ರ ಬಾಯಿ ಬಿಡಲಿಲ್ಲ.

12.05ಕ್ಕೆ ಪರೀಕ್ಷಾ ಹಾಲ್‌ನಲ್ಲಿ ಪಂಚರ ಎದುರು ಏಸಿಯ ಪಂಚನಾಮೆ ನಡೆಯಿತು. ಕಾನ್‌ಸ್ಟೇಬಲ್ ಸ್ಯೂ ಏಣಿ ಹತ್ತಿ ನೋಡಿದ. ನೀರಿನ ಕೊಳವೆಯನ್ನು ದಾರದಿಂದ ಬಿಗಿಯಲಾಗಿತ್ತು. ಆ ಗಂಟು ಕಂಡದ್ದೇ ತಡ, ಫಾಂಗ್‌ಗೆ ಬಾಲ್ಯ ಕಣ್ಣ ಮುಂದೆ ಬಂತು. ಮೀನು ಬಂದರಿನ ಹಳೆಯ ಐಸ್ ಕಾರ್ಖಾನೆಯಲ್ಲಿ ಗಡ್ಡೆಗಳನ್ನು ಹೀಗೇ ಕಟ್ಟಿಕೊಡುತ್ತಿದ್ದರು. ಅಪ್ಪ ದೋಣಿಗೆ ಐಸ್ ತುಂಬುವಾಗ ಉದುರಿದ ಚೂರು ಚೀಪುತ್ತಾ ನಿಂತಿದ್ದ ಆ ಮಧ್ಯಾಹ್ನಗಳು ಎಷ್ಟು ಚೆಂದವಿದ್ದವು! ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿತ್ತು.

ಸ್ಯೂ ಬಂದರಿನಲ್ಲಿ ವಿಚಾರಿಸಿದ. ಆ ಕಾರ್ಖಾನೆಯಲ್ಲಿ ಕೆಲಸ ಕಲಿತು ಈಗಲೂ ಏಸಿ ಮುಟ್ಟುವವರು ಇಬ್ಬರೇ, ಒಬ್ಬನೇ ಗುರುವಿನ ಶಿಷ್ಯರು: ಜುವಾಂಗ್, ಮತ್ತೆ ಲ್ಯಾವ್ ತಿಯೆನ್-ಫು.

3.40ಕ್ಕೆ ಫಾಂಗ್ ಮತ್ತು ಸ್ಯೂ ಲ್ಯಾವ್‌ನ ಅಂಗಡಿಗೆ ಹೋದರು. ಗೋಡೆಯಲ್ಲಿ ಅವನದೇ ಪ್ರಮಾಣಪತ್ರ ತೂಗುತ್ತಿತ್ತು.

“ಮಾರ್ಚ್ ಹದಿನೈದಕ್ಕೆ ಎಲ್ಲಿದ್ರಿ?” ಫಾಂಗ್ ಕೇಳಿದ.

“ಪರೀಕ್ಷೇಲಿ.”

“ಯಾರ ಹೆಸರಲ್ಲಿ?”

“ಜುವಾಂಗ್ ಹೆಸರಲ್ಲಿ. ಮಾಸ್ಕ್ ಇತ್ತು, ವಯಸ್ಸೂ ಒಂದೇ.”

“ಮುಗಿಸಿ ಸುಮ್ನೆ ಬರೋಕಾಗ್ಲಿಲ್ವಾ ಯಜಮಾನ್ರೇ? ಆ ಏಸಿ ಗೊಡವೆ ಯಾಕೆ ಬೇಕಿತ್ತು?”

“ಟಪ್ ಟಪ್ ಅಂತಿತ್ತು ಸಾರ್. ಕಿವಿಗೆ ಬಿದ್ಮೇಲೆ ಕೈ ಸುಮ್ನಿರುತ್ತಾ?”

ಸ್ಯೂ ಗೋಡೆ ಕಡೆ ತಿರುಗಿ ನಕ್ಕ.

“ನಿಮ್ಮ ಪ್ರಮಾಣಪತ್ರಾನೂ ರದ್ದಾಗುತ್ತೆ. ಗೊತ್ತಿತ್ತಾ?”

“ಗೊತ್ತಿತ್ತು.”

4.15ಕ್ಕೆ ಲ್ಯಾವ್‌ನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ. ತಾಮ್ರದ ಕೊಳವೆ ಬೆಸೆಯುವಾಗ ಜುವಾಂಗ್‌ನ ಕೈ ನಡುಗುತ್ತದೆ; ಅದರಿಂದಲೇ ಎರಡು ಸಲ ನಪಾಸಾಗಿದ್ದ. ಇಬ್ಬರಿಗೂ ಹದಿನೇಳಾಗಿದ್ದಾಗ ಕಾರ್ಖಾನೆಯಲ್ಲಿ ಐಸ್ ಮಾಡಲು ಬಳಸುವ ಅಮೋನಿಯಾ ಅನಿಲ ಸೋರಿ ನುಗ್ಗಿತ್ತು. ಒಳಗೆ ಸಿಕ್ಕಿಬಿದ್ದವನು ಲ್ಯಾವ್. ಬರಿಗೈ ಸುಟ್ಟುಕೊಂಡು ಅನಿಲದ ಕವಾಟ ತಿರುಗಿಸಿ ಮುಚ್ಚಿದವನು ಜುವಾಂಗ್.

“ನನ್ನ ಉಳಿಸೋಕೆ ಹೋಗಿ ಹಾಳಾದ ಕೈ ಸಾರ್ ಅದು. ನಡುಗುತ್ತೆ ಅಂತ ಅದನ್ನೇ ನಪಾಸ್ ಮಾಡಿದ್ರೆ, ನಾನು ನೋಡ್ಕೊಂಡು ಹೇಗಿರ್ಲಿ?”

ಫಾಂಗ್ ಆ ಮಾತನ್ನು ಕಚೇರಿಯ ಭಾಷೆಗೆ ತಿರುಗಿಸದೆ, ಇದ್ದ ಹಾಗೇ ಬರೆದುಕೊಂಡ.