ಜೋಡಿ ತಪ್ಪಿದ ಸವಾರ

"ದಾರಿ ಬಿಡು."

ಲಿಯೊಂಟೀನಾ ಅಷ್ಟೇ ಅಂದಳು. ಅಣ್ಣನ ಗಾಲಿಕುರ್ಚಿ ತಳ್ಳಿಕೊಂಡು ರೋಡಿಯೊ ಅಖಾಡದ ಬಾಗಿಲಿಗೆ ಬಂದಿದ್ದಳು. ಎದುರಿಗೆ, ಕಂದು ಕುದುರೆಯ ಲಗಾಮು ಹಿಡಿದು ನಿಂತವನು ಅನ್ಸೆಲ್ಮೊ. ಆ ಮುಖ ನೋಡಿ ಮೂರು ವರ್ಷವಾಗಿತ್ತು.

ಅವನು ಹುಲ್ಲಿನ ಟೋಪಿ ತೆಗೆದು ಕುದುರೆಯನ್ನು ಪಕ್ಕಕ್ಕೆಳೆದ. ಅವಳನ್ನು ನೋಡುವ ಧೈರ್ಯವಾಗದೆ ಅಣ್ಣನ ಕಡೆ ತಿರುಗಿದ.

"ಹೇಗಿದ್ದೀಯೋ, ಬಾಲ್ತಸಾರ್?"

"ಕೂತಿದ್ದೀನಿ," ಅಂದ ಬಾಲ್ತಸಾರ್. "ನೀನು?"

"ಇವತ್ತು ಓಡಿಸ್ತೀನಿ. ನಾಳೆ ದಕ್ಷಿಣದ ತುದಿಗೆ ಹೊರಟೆ. ಮಗಲ್ಯಾನೆಸ್‌ನಲ್ಲಿ ಕುರಿ ಕಾಯೋ ಕೆಲಸ. ಎರಡು ವರ್ಷಕ್ಕೆ ಸಹಿ ಹಾಕಿದ್ದೀನಿ."

ನಾಳೆ...

ಲಿಯೊಂಟೀನಾ ಕುರ್ಚಿಯನ್ನು ಒಳಗೆ ತಳ್ಳಿದಳು. 'ಹೋಗಲಿ. ಹೋದರೆ ನನಗೇನು?' ಎಂದುಕೊಂಡಳು. ಆದರೆ ಎದೆ ಆ ಮಾತನ್ನು ನಂಬಲಿಲ್ಲ.

ಕೊಲ್ಚಾಗ್ವಾ ಕಣಿವೆಯಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಏಪ್ರಿಲ್ ತಿಂಗಳ ರೋಡಿಯೊಗೆ ಅವರ ಮನೆಯವರೆಲ್ಲ ತಪ್ಪದೆ ಬರುತ್ತಿದ್ದರು. ಆರು ವರ್ಷ ಬಾಲ್ತಸಾರ್ ಮತ್ತು ಅನ್ಸೆಲ್ಮೊ ಜೋಡಿ ಸವಾರರು. ಓಡುವ ಹೋರಿಯನ್ನು ಒಬ್ಬ ಹಿಂದಿನಿಂದ ಅಟ್ಟಬೇಕು, ಇನ್ನೊಬ್ಬ ಪಕ್ಕದಿಂದ ಕುದುರೆಯ ಎದೆಯಿಂದಲೇ ಅದನ್ನು ಗೋಡೆಗೆ ಒತ್ತಿ ನಿಲ್ಲಿಸಬೇಕು. ಒಬ್ಬನ ಉಸಿರು ಇನ್ನೊಬ್ಬನಿಗೆ ತಿಳಿದಿರಬೇಕು. ಒಬ್ಬ ಹಿಂದೆ ಬಿದ್ದರೆ ಹೋರಿ ಇನ್ನೊಬ್ಬನ ಕುದುರೆಗೆ ಅಡ್ಡ ನುಗ್ಗುತ್ತದೆ.

ಮೂರು ವರ್ಷದ ಹಿಂದೆ, ಇದೇ ಅಖಾಡದಲ್ಲಿ, ಬಾಲ್ತಸಾರ್ ತನ್ನ ಕುದುರೆಯ ಕೆಳಗೆ ಬಿದ್ದ. ಮತ್ತೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಅವಳೇ ಅನ್ಸೆಲ್ಮೊನನ್ನು ಕೇಳಿದ್ದಳು. "ನಿನ್ನ ಕುದುರೆ ಹಿಂದೆ ಬಿತ್ತಾ? ಅದಕ್ಕೇ ಅಣ್ಣ ಬಿದ್ದನಾ?"

"ಹೌದು," ಅಂದಿದ್ದ ಅವನು.

ಅದರ ಮುಂದಿನ ತಿಂಗಳು ಅವಳಿಗೂ ಅನ್ಸೆಲ್ಮೊಗೂ ಮದುವೆಯಿತ್ತು. ಅವಳು ಉಂಗುರ ಬಿಚ್ಚಿ ಅವನ ಅಂಗೈಗೆ ಹಾಕಿದ್ದಳು.

ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ, ಬಾಲ್ತಸಾರ್‌ನ ಕುರ್ಚಿಯ ಪಕ್ಕ, ಸೋದರತ್ತೆ ಎರ್ಮಿನಿಯಾ ಬುಟ್ಟಿ ಬಿಚ್ಚಿ, ಮಾಂಸ ಈರುಳ್ಳಿ ತುಂಬಿದ ಕಡುಬಿನಂಥ ಬಿಸಿ ಎಂಪನಾಡ ಹಂಚಿದಳು. "ಈರುಳ್ಳಿ ಹೆಚ್ಚಿ ಹೆಚ್ಚಿ ನಾನು ಅತ್ತಿದ್ದು ಸಾಕು. ತಿನ್ನೋವಾಗಲಾದ್ರೂ ಒಂಚೂರು ನಗ್ರೋ."

ಯಾರೂ ನಗಲಿಲ್ಲ. ಅಖಾಡದೊಳಗೆ ಅನ್ಸೆಲ್ಮೊ ಬಂದಿದ್ದ, ಹೊಸ ಜೊತೆಗಾರನ ಜೊತೆ.

ಹೋರಿ ನುಗ್ಗಿತು. ಕಂದು ಕುದುರೆ ಅದರ ಪಕ್ಕೆಗೆ ಅಂಟಿಕೊಂಡೇ ಓಡಿತು. ಗೋಡೆಯ ಹತ್ತಿರ ಧಡ್ ಎಂದು ನಿಂತಿತು ಹೋರಿ. ನಾಲ್ಕು ಅಂಕ. ಒಂದು ಓಟಕ್ಕೆ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಜನ ಎದ್ದು ಚಪ್ಪಾಳೆ ತಟ್ಟಿದರು.

ಅಪ್ಪ ಎವರಿಸ್ತೊ ಕೂಡ ಎದ್ದ. ಚಪ್ಪಾಳೆಗಲ್ಲ.

"ಈಗ ಸರಿಯಾಗಿ ಓಡಿಸ್ತೀಯೇನೋ, ಕೊಲೆಗಡುಕ! ನನ್ನ ಮಗನ ಜೊತೆಗಿದ್ದಾಗ ನಿನ್ನ ಕುದುರೆಗೆ ಕಾಲಿರಲಿಲ್ವಾ?"

ಚಪ್ಪಾಳೆ ನಿಂತುಹೋಯಿತು. ಅನ್ಸೆಲ್ಮೊ ತಲೆ ತಗ್ಗಿಸಿ ಕುದುರೆ ತಿರುಗಿಸಿದ.

"ಅಪ್ಪ, ಕೂತ್ಕೊಳ್ಳಿ," ಬಾಲ್ತಸಾರ್ ಮೆಲ್ಲಗೆ ಅಂದ. "ಅವತ್ತು ಅವನ ಕುದುರೆ ಹಿಂದೆ ಬೀಳಲೇ ಇಲ್ಲ. ನನಗೆ ಫಿಟ್ಸ್ ಬಂತು."

"ಏನಂದೆ?"

"ಹದಿನೇಳು ತುಂಬಿದಾಗಿಂದ ಬರ್ತಿತ್ತು. ಅವನೊಬ್ಬನಿಗೇ ಗೊತ್ತಿದ್ದಿದ್ದು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಹೇಳಿದ್ರೆ ನೀವು ಕುದುರೆ ಹತ್ತೋಕೆ ಬಿಡ್ತಿದ್ರಾ?"

"ಬಿದ್ದ ಮೇಲಾದ್ರೂ ಹೇಳಬಹುದಿತ್ತಲ್ಲೋ..."

"ನಿಮ್ಮ ಕಣ್ಣಲ್ಲಿ ಒಳ್ಳೆ ಸವಾರನಾಗೇ ಉಳೀಬೇಕು ಅನ್ನಿಸ್ತಪ್ಪ. ನಿಮಗೂ ಬೈಯೋಕೆ ಒಬ್ಬ ಬೇಕಿತ್ತು."

ಅಪ್ಪ ಕೈಯಲ್ಲಿದ್ದ ಎಂಪನಾಡವನ್ನು ಬುಟ್ಟಿಗೆ ಹಾಕಿ, ಮೆಟ್ಟಿಲಿಳಿದು ವ್ಯಾನಿನ ಕಡೆ ನಡೆದುಬಿಟ್ಟ.

ಲಿಯೊಂಟೀನಾ ಲಾಯದ ಹಿಂದಕ್ಕೆ ಓಡಿದಳು. ಅನ್ಸೆಲ್ಮೊ ಕುದುರೆಯ ಬೆವರು ತೊಳೆಯುತ್ತಿದ್ದ.

"ಬಾಲ್ತಸಾರ್ ಎಲ್ಲಾ ಹೇಳಿದ," ಅಂದಳು. "ನಾನು ಕೇಳಿದಾಗ ಯಾಕೆ ಹೌದು ಅಂದೆ?"

"ಅವನಿಗೆ ಮಾತು ಕೊಟ್ಟಿದ್ದೆ."

"ನನಗೂ ಕೊಟ್ಟಿದ್ದೆ."

ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಎರಡೂ ಉಳಿಸ್ಕೊಳ್ಳೋಕೆ ಆಗಲಿಲ್ಲ ನನಗೆ... ನನ್ನ ಜೊತೆ ಬಂದುಬಿಡು, ಲಿಯೊಂಟೀನಾ."

ಎಷ್ಟು ಸಲ ಕನಸಲ್ಲಿ ಕೇಳಿದ್ದ ಮಾತು! ಅವಳು ಕಣ್ಣು ಮುಚ್ಚಿಕೊಂಡಳು.

"ಬೆಳಿಗ್ಗೆ ಬಾಲ್ತಸಾರ್‌ನ ಹಾಸಿಗೆಯಿಂದ ಎಬ್ಬಿಸೋರ್ಯಾರು? ಅಮ್ಮ ಇಲ್ಲ. ಅಪ್ಪನ ಸೊಂಟ ಹೋಗಿದೆ. ಅತ್ತೆ ಕೈಲಿ ಎತ್ತೋಕಾಗಲ್ಲ."

"ಹಾಗಾದ್ರೆ ನಾನೇ ಇಲ್ಲಿ ಉಳೀತೀನಿ. ಸಹಿ ಹಾಳಾಗಿ ಹೋಗಲಿ."

"ಅಪ್ಪ ನಿನ್ನನ್ನ ಮನೆಗೆ ಸೇರಿಸಲ್ಲ. ಮೂರು ವರ್ಷ ಸುಳ್ಳನ್ನ ನಂಬಿ ನಿನಗೆ ಶಾಪ ಹಾಕಿದ್ದಾರೆ. ಇನ್ಮೇಲೆ ನಿನ್ನ ಮುಖ ನೋಡಿದಾಗಲೆಲ್ಲ ಅವರಿಗೆ ಅದೇ ಕಾಣುತ್ತೆ. ನಿನ್ನ ತಪ್ಪನ್ನ ಎಂದಾದ್ರೂ ಕ್ಷಮಿಸ್ತಿದ್ರೇನೋ... ತಮ್ಮ ತಪ್ಪನ್ನ ಕ್ಷಮಿಸಲ್ಲ."

ಅನ್ಸೆಲ್ಮೊ ಕುದುರೆಯನ್ನು ಗೂಟಕ್ಕೆ ಕಟ್ಟಿ ಅವಳ ಜೊತೆ ಹೊರಗೆ ನಡೆದ. ಎವರಿಸ್ತೊನನ್ನು ಅವನೂ ಬಲ್ಲ.

ವ್ಯಾನಿನ ಬಳಿ ಅಪ್ಪ ಒಬ್ಬನೇ ಬಾಲ್ತಸಾರ್‌ನನ್ನು ಎತ್ತಲು ಹೆಣಗುತ್ತಿದ್ದ. ಒಮ್ಮೆ, ಎರಡು ಸಲ... ಆಗಲಿಲ್ಲ. ಅನ್ಸೆಲ್ಮೊ ಹೋಗಿ ಎದುರು ನಿಂತ. ಅಪ್ಪ ಅವನ ಮುಖ ನೋಡಲಿಲ್ಲ. ಆದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ಬಾಲ್ತಸಾರ್ ಗೆಳೆಯನ ಕೊರಳಿಗೆ ಕೈ ಸುತ್ತಿದ. "ತೂಕ ಜಾಸ್ತಿ ಆಗಿದ್ದೀನಿ ಅಲ್ವಾ?"

"ನಿಮ್ಮತ್ತೆ ಹಂಗೆ ತಿನ್ನಿಸ್ತಾಳೆ," ಅಂದ ಅನ್ಸೆಲ್ಮೊ. ಸೀಟಿನಲ್ಲಿ ಕೂರಿಸಿದ ಮೇಲೂ ಬಾಲ್ತಸಾರ್ ಅವನನ್ನು ತುಸು ಹೊತ್ತು ಬಿಡಲಿಲ್ಲ.

ಎಲ್ಲರೂ ಹತ್ತಿದರು. ಅಪ್ಪ ವ್ಯಾನು ಶುರು ಮಾಡದೆ ಬೀಗದಕೈ ಹಿಡಿದು ಕೂತಿದ್ದ. ಮಗಳಿಗೆ ಅವನಿಂದ ಕೊಡಲಾದದ್ದು ಆ ಎರಡು ನಿಮಿಷ, ಅಷ್ಟೇ.

ಅನ್ಸೆಲ್ಮೊ ಲಿಯೊಂಟೀನಾಳ ಕಿಟಕಿಯ ಬಳಿ ಬಂದ. "ನನಗೋಸ್ಕರ ಕಾಯಬೇಡ."

"ಕಾಯಲ್ಲ," ಅಂದಳು. "ಆದ್ರೆ ನಿನ್ನನ್ನ ಬಿಟ್ಟು ಇರೋದನ್ನ ಕಲಿಯೋಕೂ ಆಗಲ್ಲ. ಮೂರು ವರ್ಷ ದಿನಾ ಬೈಕೊಂಡೇ ಪ್ರಯತ್ನಪಟ್ಟೆ."

"ನಾನೂ..."

"ಏನು ನೀನೂ? ಹೊರಟು ಹೋಗೋನು, ಒಂದು ಸಲ ಬಾಯಿಬಿಟ್ಟು ಹೇಳು."

"ನಿನ್ನನ್ನೇ ಪ್ರೀತಿಸಿದ್ದು. ಅವತ್ತೂ... ಇವತ್ತೂ."

ವ್ಯಾನು ಗುರುಗುಟ್ಟಿತು. ಅವಳು ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು.

"ಅಲ್ಲಿ ಗಾಳಿ ಜಾಸ್ತಿಯಂತೆ. ಕಿವಿ ಮುಚ್ಕೊಂಡು ಓಡಾಡು."

"ಹ್ಞೂಂ," ಅಂದ ಅವನು.