ಮಾಸ್ತರು ಬ್ರೇಕ್ ಒತ್ತಿದ ದಿನ

ಬಾಯಿ ತೆರೆದರೆ ಮುಚ್ಚದ ಮನುಷ್ಯ ಎಂದೇ ಡ್ರೈವಿಂಗ್ ಸ್ಕೂಲಿನ ಮಾಸ್ತರಿಗೆ ಹೆಸರು. ಔಷಧಿ ಅಂಗಡಿಯವಳು ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಅವರ ಬಳಿ ಕಾರು ಕಲಿಯಲು ಬಂದಳು. "ಮೇಡಂ, ಕ್ಲಚ್ ಮೇಲೆ ಕಾಲಿಡಿ, ನನ್ನ ಪ್ರಾಣದ ಮೇಲಲ್ಲ!" ಎನ್ನುವಂಥ ಮಾತಿಗೆ ನಕ್ಕು ನಕ್ಕು, ಸರಿಯಾಗಿ ಗೇರು ಹಾಕಲು ಬರುವ ಮೊದಲೇ ಮನಸೋತಳು.

ಇಬ್ಬರ ಮದುವೆಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ಮಾಸ್ತರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಹೇಳಬೇಕಾದದ್ದೆಲ್ಲ ತಲೆಯೊಳಗಿತ್ತು, ಪದ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದೊಂದೇ ಪದ ಮರಳತೊಡಗಿತು. "ಅವರ ವಾಕ್ಯ ನೀವು ಮುಗಿಸ್ಬೇಡಿ," ಎಂದು ಸ್ಪೀಚ್ ಥೆರಪಿಸ್ಟ್ ಅವಳಿಗೆ ಹೇಳಿದ್ದರು. "ಮನಸ್ಸಲ್ಲೇ ಹತ್ತರವರೆಗೆ ಎಣಿಸಿ."

ಅವಳ ಎಣಿಕೆ ಎರಡನ್ನು ದಾಟುತ್ತಿರಲಿಲ್ಲ. ಅವಳಿಗೆ ಹೆದರಿಕೆ. ಮಾಸ್ತರು ಕನ್ನಡಿಯ ಮುಂದೆ ಕೂತು "ಮದುವೆ ಬೇಡ" ಎಂದು ಅಭ್ಯಾಸ ಮಾಡುವುದನ್ನು ಕೇಳಿಸಿಕೊಂಡ ಅವರ ಅಕ್ಕ, ಕಣ್ಣೊರೆಸಿಕೊಳ್ಳುತ್ತ ಇವಳಿಗೆ ತಿಳಿಸಿದ್ದರು. ಅಂದಿನಿಂದ ಮಾಸ್ತರು "ಮ..." ಅಂದರೆ ಸಾಕು, ಇವಳು ಮಾತು ಮರೆಸುವಳು.

ಆ ಬೆಳಿಗ್ಗೆ ಸ್ಕೂಲಿನ ಕಾರಿನಲ್ಲೇ ಥೆರಪಿಗೆ ಹೊರಟಿದ್ದರು. ಸ್ಟಿಯರಿಂಗ್ ಅವಳ ಕೈಯಲ್ಲಿ, ಪಕ್ಕದಲ್ಲಿ ಅವರು.

"ಮ... ಮದು..."

"ಮಾತ್ರೆನಾ? ಬ್ಯಾಗಲ್ಲಿದೆ."

"ಅಲ್ಲ. ಮದು..."

"ಮಧ್ಯಾಹ್ನಕ್ಕೆ ಅಕ್ಕ ಅಡುಗೆ ಮಾಡಿರ್ತಾರೆ ಬಿಡಿ."

ಕಾರು ಗಕ್ಕನೆ ನಿಂತಿತು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಮಾಸ್ತರು ಸರಿಯಿದ್ದ ಎಡಗಾಲಿನಿಂದ ಅದನ್ನು ಒತ್ತಿ ಹಿಡಿದಿದ್ದರು. ಹಿಂದೆ ಹಾರ್ನುಗಳ ಗಲಾಟೆ. ಅವರ ಕಣ್ಣಲ್ಲಿ ಸಿಟ್ಟಿನ ನೀರು.

ಮಾತು ಕಳೆದುಕೊಂಡವರ ಬಾಯನ್ನು ನಾನೂ ಮುಚ್ಚಿಸುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕಾರನ್ನು ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, "ಹೇಳಿ," ಎಂದಳು.

"ಮದುವೆ..."

ಒಂದು, ಎರಡು... ಏಳು.

"ಬೇಡ."

ಅವಳು ತುಟಿ ಕಚ್ಚಿಕೊಂಡು ಎಣಿಸುತ್ತಲೇ ಇದ್ದಳು.

"ನಾನು... ಭಾ... ಭಾರ. ನಿಂಗೆ."

ಅವಳ ಎದೆ ಒಡೆದುಹೋಯಿತು. ಅವರ ಮುಖ ಮಾತ್ರ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು.

"ಪೂರ್ತಿ ಕೇಳಿದೆ," ಎಂದಳು. "ಈಗ ನನ್ ಮಾತು ಕೇಳಿ, ನಡುವೆ ಬಾಯಿ ಹಾಕ್ಬೇಡಿ. ನಂಗೆ ನೀವು ಬೇಕು. ಮಾತಿದ್ರೂ ಬೇಕು, ಇಲ್ದಿದ್ರೂ ಬೇಕು. ನೀವು ಬೇಡ ಅಂದಿದ್ದಕ್ಕೆ ನಾನು ಒಪ್ಪಲ್ಲ."

ಮಾಸ್ತರು ಅವಳತ್ತ ತಿರುಗಿದರು. ತುಟಿ ಅಲುಗಿತು.

"ಹ..."

ಮುಂದಿನದು ಅವಳಿಗೆ ಗೊತ್ತಾಗಿಯೇ ಹೋಯಿತು. ಆದರೂ ತಾನು ಮುಗಿಸದೆ ಎಣಿಸಿದಳು.

"ಹಟ... ಹಟಮಾರಿ!"

ಥೆರಪಿಯಲ್ಲಿ ತೋರಿಸಿ ಹೇಳಿಸುವ ಯಾವ ಕಾರ್ಡಿನಲ್ಲೂ ಇಲ್ಲದ ಪದ, ಯಾರೂ ಹೇಳಿಕೊಡದೆ ಬಂದಿತ್ತು. ಅವಳು ನಕ್ಕಳು, ನಗುತ್ತಲೇ ಅತ್ತಳು.

"ನಾಳೆ... ಮತ್ತೆ... ಬೇಡ ಅಂತ... ಹೇಳ್ತೀನಿ," ಎಂದರು ಮಾಸ್ತರು, ಎಡಗೈ ಬೆರಳೆತ್ತಿ ಗದರಿಸುತ್ತ.

ಅವಳು ಅವರ ಸೋತ ಬಲಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೇಳಿ. ದಿನಾ ಹೇಳಿ. ನಾನು ಕೊನೇವರೆಗೂ ಕೇಳ್ತೀನಿ."