ಅವಳು ಹೇಳಲಿ

"ಅವನು ಇಲ್ವಾ?"

ದೋಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹಗ್ಗ ಸುತ್ತುತ್ತಿದ್ದ ಹುಡುಗಿ ತಲೆಯೆತ್ತಿದಳು. ಬಂದರಿನ ಕಟ್ಟೆಯ ಮೇಲೆ ಬಿಳಿ ಟೋಪಿ ಹಾಕಿಕೊಂಡ ಚೆಂದದ ಹೆಂಗಸೊಬ್ಬಳು ನಿಂತಿದ್ದಳು.

"ಯಾರು?"

"ನಿಮ್ಮ ಕ್ಯಾಪ್ಟನ್. ನಾನು ಬಂದಿದೀನಿ ಅಂತ ಹೇಳಿ, ಅವನಿಗೆ ಗೊತ್ತಾಗುತ್ತೆ."

ಅವನಂತೆ, ಅವನು! ಇಡೀ ಬಂದರು 'ಅವರು' ಎನ್ನುವ ಮನುಷ್ಯನನ್ನು ಇವಳು ಸಾಕಿದ ಬೆಕ್ಕಿನ ಹಾಗೆ ಕರೆಯುತ್ತಾಳಲ್ಲ! ಹುಡುಗಿಯ ಎದೆಯೊಳಗೆ ಚುರುಕ್ ಎಂದಿತು.

ಅದು ಬಾಡಿಗೆಗೆ ಹೋಗುವ ಪುಟ್ಟ ಹಾಯಿದೋಣಿ. ಚುಕ್ಕಾಣಿ ಕ್ಯಾಪ್ಟನ್‌ದು. ಹಾಯಿಯ ಹಗ್ಗ, ಕೆಳಗಿನ ಗೂಡಿನಂಥ ಅಡುಗೆಮನೆ, ಅತಿಥಿಗಳ ಟೀ ಎಲ್ಲ ಇವಳದು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಮೊದಲ ದಿನವೇ ಅವನು ಇವಳಿಗೆ 'ಕಡ್ಡಿ' ಎಂದು ಹೆಸರಿಟ್ಟಿದ್ದ. ಅಂಥ ಕಡ್ಡಿ ಒಂದೇ ಒಂದು ಮಾತನ್ನು ಮಾತ್ರ ವರ್ಷಗಳಿಂದ ನುಂಗಿಕೊಂಡು ಬಂದಿದ್ದಳು. ಪಕ್ಕದ ದೊಡ್ಡ ದೋಣಿಯವರು ಕೆಲಸಕ್ಕೆ ಕರೆದಾಗಲೆಲ್ಲ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದದ್ದೂ ಅದಕ್ಕೇ.

ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಾ ಕ್ಯಾಪ್ಟನ್ ಮೇಲೆ ಬಂದ. ಟೋಪಿಯವಳನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

"ನೀನಾ?"

"ನಾನೇ. ಇವತ್ತಿನ ಬುಕಿಂಗ್ ನಂದು. ಒಬ್ಬಳೇ ಬರ್ತಿದೀನಿ."

ಒಬ್ಬಳೇ ಬರುವವಳಿಗೆ ಇಡೀ ದೋಣಿ ಯಾಕೆ ಬೇಕಪ್ಪಾ... ಕಡ್ಡಿ ಹಲ್ಲು ಕಚ್ಚಿಕೊಂಡು ದೋಣಿಯ ಕಟ್ಟು ಬಿಚ್ಚಿದಳು.

ದೋಣಿ ಬಂದರು ದಾಟಿತು. ಕಡ್ಡಿ ಕೆಳಗೆ ಟೀ ಕಾಯಿಸುತ್ತಿದ್ದಳು. ಕೈ ಒಲೆಯ ಮೇಲಿದ್ದರೂ ಕಿವಿ ಎರಡೂ ಮೇಲೆಯೇ ಇದ್ದವು. ಅಲ್ಲಿ ನಗು. ಇವನು ನಗುತ್ತಾನೆ ಕೂಡ! ನನ್ನ ಜೊತೆಯಲ್ಲಾದರೆ 'ಹಗ್ಗ ಎಳಿ, ಹಗ್ಗ ಬಿಡು' ಎನ್ನುವುದು ಬಿಟ್ಟರೆ ಬಾಯಿಂದ ಮುತ್ತು ಉದುರುವುದಿಲ್ಲ.

"ಸಕ್ಕರೆ ಎಷ್ಟು?" ಎಂದು ಕೆಳಗಿನಿಂದಲೇ ಕೂಗಿದಳು.

"ಅವಳಿಗೆ ಸಕ್ಕರೆ ಬೇಡ," ಎಂದಿತು ಕ್ಯಾಪ್ಟನ್‌ನ ದನಿ.

ನೆನಪಿಟ್ಟುಕೊಂಡಿದ್ದಾನೆ!

ಲೋಟ ಹಿಡಿದು ಮೇಲೆ ಬಂದವಳ ಕಾಲು ಮೆಟ್ಟಿಲಲ್ಲೇ ನಿಂತಿತು. ಚುಕ್ಕಾಣಿ ಟೋಪಿಯವಳ ಕೈಯಲ್ಲಿತ್ತು. ಪಕ್ಕದಲ್ಲಿ ಕ್ಯಾಪ್ಟನ್ ಕೈ ಕಟ್ಟಿಕೊಂಡು ನಿಂತಿದ್ದ.

ಇಷ್ಟು ವರ್ಷದಲ್ಲಿ ಒಂದು ಸಲವೂ ನನ್ನ ಕೈಗೆ ಕೊಡದ್ದು. ಬಾಯಿಬಿಟ್ಟು ಕೇಳಿದಾಗಲೂ 'ನಿನ್ನ ಜಾಗ ಅಲ್ಲಿ' ಎಂದು ಹಾಯಿಯ ಬುಡ ತೋರಿಸಿದವನು. ಬೇರೆ ಅತಿಥಿಗಳಿಗಾದರೆ ಕೇಳಿದ ಮೇಲೆ ಕೊಡುತ್ತಾನೆ, ಇವಳಿಗೆ ಕೇಳುವ ಮೊದಲೇ!

ಲೋಟವನ್ನು ಟಕ್ಕೆಂದು ಪಕ್ಕದಲ್ಲಿಟ್ಟಳು ಹುಡುಗಿ. ಸಾಕು, ಇವತ್ತೇ ಕೊನೆ. ಸಂಜೆಯೇ ದೊಡ್ಡ ದೋಣಿಯವರಿಗೆ ಬರುತ್ತೇನೆಂದು ಹೇಳಿಬಿಡುವುದು ಎಂದುಕೊಂಡು ಹಾಯಿಯ ಬುಡದಲ್ಲಿ ಹೋಗಿ ಕೂತಳು.

ಬಂಡೆಗಳ ಸಾಲು ಕಾಣಿಸಿದಾಗ ಕ್ಯಾಪ್ಟನ್ ಚುಕ್ಕಾಣಿ ವಾಪಸ್ ತೆಗೆದುಕೊಂಡ. ಇಲ್ಲಿ ದೋಣಿ ತಿರುಗಲೇಬೇಕು. ತಿರುಗುವಾಗ ಹಾಯಿಯ ಕೆಳಗಿನ ಮರದ ತೊಲೆ ಈ ಬದಿಯಿಂದ ಆ ಬದಿಗೆ ಬೀಸಿಕೊಂಡು ಹೋಗುತ್ತದೆ. ಹಗ್ಗದವಳು ತಲೆ ಬಗ್ಗಿಸಿರಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅವನು ಅವಸರದಲ್ಲಿ ತಿರುಗಿಸಿದ್ದ. ತೊಲೆ ಬಡಿದ ಆ ಪೆಟ್ಟಿನ ಗುರುತು ಕಡ್ಡಿಯ ಹುಬ್ಬಿನ ಮೇಲೆ ಇನ್ನೂ ಇದೆ. ಅಂದಿನಿಂದ ಅವನು ಕೇಳುತ್ತಾನೆ, ಅವಳು 'ರೆಡಿ' ಎನ್ನುತ್ತಾಳೆ, ಆಮೇಲೆಯೇ ದೋಣಿ ತಿರುಗುತ್ತದೆ.

"ಕಡ್ಡಿ, ರೆಡಿನಾ?"

ಅವಳು ಮಾತಾಡಲಿಲ್ಲ. ಬಾಯಿ ತೆರೆದರೆ ಮಾತಿಗೆ ಮೊದಲು ಅಳು ಬರುತ್ತಿತ್ತು. ಈ ಟೋಪಿಯವಳ ಮುಂದೆ ಅಳುವುದೇ? ಸತ್ತರೂ ಇಲ್ಲ.

"ಕಡ್ಡಿ?"

ಬಂಡೆಗಳು ಹತ್ತಿರವಾದವು. ನೀರು ಅವಕ್ಕೆ ಅಪ್ಪಳಿಸುವ ಸದ್ದು ಕೇಳಿಸಿತು.

"ತಿರುಗಿಸೋ!" ಟೋಪಿಯವಳು ಅವನ ತೋಳು ಹಿಡಿದಳು. "ಅವಳು ತಲೆ ಬಗ್ಗಿಸ್ಕೊಂಡೇ ಇದಾಳಲ್ಲ, ಕಾಣಲ್ವಾ?"

"ಅವಳು ಹೇಳಲಿ."

"ದೋಣಿ ಹೋಗುತ್ತೆ ಕಣೋ..."

"ಹೋಗ್ಲಿ. ಅವಳು ಹೇಳದೆ ತಿರುಗಿಸಲ್ಲ."

ಕಡ್ಡಿ ತಿರುಗಿ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಕಣ್ಣು ಬಂಡೆಯ ಕಡೆಗಿರಲಿಲ್ಲ, ಇವಳ ಹುಬ್ಬಿನ ಮೇಲಿತ್ತು. ಅಯ್ಯೋ, ನಾನೇನು ಮಾಡುತ್ತಿದ್ದೇನೆ ಎಂದು ಅವಳ ಜೀವ ಬಾಯಿಗೆ ಬಂತು.

"ರೆಡಿ!"

ದೋಣಿ ಗಕ್ಕನೆ ತಿರುಗಿತು. ತೊಲೆ ಅವಳ ತಲೆಯ ಮೇಲಿಂದ ಬೀಸಿ ಹೋಯಿತು. ಬಂಡೆಯ ನೀರು ಹಾರಿ ಬಿಳಿ ಟೋಪಿ ತೊಪ್ಪೆಯಾಯಿತು.

ದೋಣಿ ಬಂದರಿಗೆ ವಾಪಸ್ ಬಂತು. ಕಟ್ಟೆಗೆ ಇಳಿಯುವಾಗ ಟೋಪಿಯವಳು ಕಡ್ಡಿಯ ಹತ್ತಿರ ನಿಂತಳು.

"ನನಗೂ ಅವನಿಗೂ ಮದುವೆ ಮಾತಾಗಿತ್ತು. ಬೇಡ ಅಂತ ಹೋದೋಳು ನಾನೇ. ವಾಪಸ್ ಬರ್ಲಾ ಅಂತ ಕೇಳೋಣ ಅಂತ ಬಂದಿದ್ದೆ."

ಕಡ್ಡಿ ಕೈಯಲ್ಲಿದ್ದ ಹಗ್ಗ ಬಿಟ್ಟಳು. "ಮತ್ತೆ... ಕೇಳಿದ್ರಾ?"

"ಇಲ್ಲ. ಚುಕ್ಕಾಣಿ ಕೊಟ್ಟಾಗ ಖುಷಿಯಾಗಿದ್ದು ನಿಜ. ಅತಿಥಿಗಳಿಗೆಲ್ಲ ಕೊಡ್ತಾನಂತೆ, ಆಮೇಲೆ ಅವನೇ ಹೇಳಿದ." ಹೆಂಗಸು ಒದ್ದೆ ಟೋಪಿ ಹಿಂಡಿದಳು. "ಆ ಬಂಡೆ ಹತ್ರ ನೋಡಿದ ಮೇಲೆ ಇನ್ನೇನು ಕೇಳೋದು ಹೇಳಮ್ಮಾ?"

ಅವಳು ತಿರುಗಿ ನೋಡದೆ ನಡೆದು ಹೋದಳು. ಪಾಪ ಎನಿಸಿತು ಕಡ್ಡಿಗೆ. ಹಾಗೆನಿಸಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಕ್ಯಾಪ್ಟನ್ ಹಾಯಿ ಮಡಚುತ್ತಿದ್ದ. "ಯಾಕೆ ಮಾತಾಡ್ಲಿಲ್ಲ?" ಎಂದ. "ಮೂರೂ ಜನ ಹೋಗ್ತಿದ್ವಿ."

"ತಪ್ಪಾಯ್ತು. ಹೊಟ್ಟೆ ಉರೀತಿತ್ತು."

"ಏನು?"

"ಹೊಟ್ಟೆ ಉರೀತಿತ್ತು ಅಂದೆ. ಅವರಿಗೆ ಕೊಟ್ಟ ಚುಕ್ಕಾಣಿ ನನಗೆ ಯಾಕೆ ಕೊಡಲ್ಲ? ನನಗೆ ನೀವಂದ್ರೆ ಇಷ್ಟ. ಮೊದಲಿನಿಂದ್ಲೂ. ಆಯ್ತಾ? ಬೇಡ ಅಂದ್ರೆ ಈಗ್ಲೇ ಹೇಳಿ, ಸಂಜೆಯಿಂದ ಆ ದೊಡ್ಡ ದೋಣಿಗೆ ಹೋಗ್ತೀನಿ."

ಅವನು ಹಾಯಿಯನ್ನು ಅಲ್ಲೇ ಬಿಟ್ಟು ಬಂದು ಅವಳ ಎದುರು ಕೂತ.

"ಚುಕ್ಕಾಣಿ ಹಿಡಿದವನು ದಿನವಿಡೀ ಹಾಯಿ ನೋಡ್ತಾ ಇರ್ಬೇಕು ಕಡ್ಡಿ. ಹಾಯಿ ಬುಡದಲ್ಲಿ ನೀನು ಕೂತಿರ್ತೀಯ. ಜಾಗ ಬದಲಾದ್ರೆ ನಾನು ಯಾರನ್ನ ನೋಡ್ಲಿ?"

ಕಡ್ಡಿಯ ಕಣ್ಣು ತುಂಬಿ ಬಂತು. ಈಗ ಅಳಲು ಅಡ್ಡಿಯಿರಲಿಲ್ಲ, ಚೆನ್ನಾಗಿಯೇ ಅತ್ತಳು. ಅವನು ಹೆಬ್ಬೆರಳಿನಿಂದ ಅವಳ ಹುಬ್ಬಿನ ಗುರುತನ್ನು ಮೆಲ್ಲಗೆ ಸವರಿದ.

"ಆಯಮ್ಮ ವಾಪಸ್ ಬರ್ಲಾ ಅಂತ ಕೇಳಿದ್ರೆ ಏನಂತಿದ್ರಿ?" ಮೂಗು ಒರೆಸಿಕೊಂಡು ಕೇಳಿದಳು.

"ನಿನ್ನ ಕೇಳಿ ಹೇಳ್ತೀನಿ ಅಂತಿದ್ದೆ."

"ನಾನು ಆವಾಗ್ಲೂ ಮಾತಾಡದೆ ಕೂತಿದ್ರೆ?"

"ಕಾಯ್ತಿದ್ದೆ," ಎಂದ ಕ್ಯಾಪ್ಟನ್.